ಜಾಗ ಇದ್ದಷ್ಟೇ ಆಟ

ಎಡಿನ್‌ಬರೋ ಊರ ನಡುವೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಅಂತ ಒಂದು ಪಾರ್ಕು ಇದೆ. ಬೇಲಿ ಇಲ್ಲ, ಗೇಟಿಲ್ಲ, ಟಿಕೆಟ್ ಕೌಂಟರ್ ಇಲ್ಲ. ಬೆಳಿಗ್ಗೆ ನಾಯಿ ಹಿಡಿದುಕೊಂಡು ಬರುವವರು, ಅಡ್ಡದಾರಿ ಹಿಡಿದು ಆಫೀಸಿಗೆ ಹೋಗುವವರು, ಸಂಜೆ ಹುಲ್ಲಿನ ಮೇಲೆ ಕೂತು ಬಾರ್ಬೆಕ್ಯೂ ಹೊತ್ತಿಸುವ ಯೂನಿವರ್ಸಿಟಿ ಹುಡುಗರು, ಎಲ್ಲರಿಗೂ ಅದು ಊರ ಬಯಲು. ಇವರೆಲ್ಲರ ನಡುವೆಯೇ, ಅದೇ ಹುಲ್ಲಿನ ಮೇಲೆ, ಬೇಸಿಗೆಯಲ್ಲಿ 36 ಗುಂಡಿಗಳ ಗಾಲ್ಫ್ ನಡೆಯುತ್ತದೆ. ಚಳಿಗಾಲದಲ್ಲಿ ಗುಂಡಿಗಳು 9ಕ್ಕೆ ಇಳಿಯುತ್ತವೆ. ಆಡಲು ಒಂದು ಪೈಸೆಯೂ ಕೊಡಬೇಕಿಲ್ಲ. ಕೋಲು, ಚೆಂಡು ನಿಮ್ಮವು, ನೆಲ ಊರಿನದು.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಸಣ್ಣ ಅಂಗಳದಲ್ಲಿ ದೊಡ್ಡ ಆಟ ಹೊಂದಿಸುವುದೇ ನನ್ನ ನೌಕರಿ ಆಗಿತ್ತು. ಖೋಖೋ ಅಂಗಳದ ಒಂದು ತುದಿ ಕಬಡ್ಡಿ ಅಂಗಳದೊಳಗೆ, ಕಬಡ್ಡಿಯ ಗೆರೆ ವಾಲಿಬಾಲ್ ಕೋರ್ಟಿನ ಮೇಲೆ. ಸುಣ್ಣದ ಗೆರೆಗಳು ಒಂದನ್ನೊಂದು ಹಾಯ್ದು, ಹೊಸದಾಗಿ ಬಂದ ಹುಡುಗರಿಗೆ ಯಾವ ಗೆರೆ ಯಾವ ಆಟದ್ದು ಅಂತ ಗೊತ್ತಾಗುವಷ್ಟರಲ್ಲಿ ಘಟಕ ಪರೀಕ್ಷೆ ಬಂದಿರುತ್ತಿತ್ತು. ಹೀಗೆ ಬಾಳಿದವನು ಮಗಳ ಮನೆಗೆಂದು ಎಡಿನ್‌ಬರೋಗೆ ಹೋದರೆ ಕೋಟೆ, ಅರಮನೆ ನೋಡುವುದಕ್ಕಿಂತ ಇಂಥ ಪಾರ್ಕಿನ ಅಂಚಿನಲ್ಲಿ ನಿಲ್ಲುವುದೇ ಹೆಚ್ಚು. ಇಷ್ಟು ಇಕ್ಕಟ್ಟಿನಲ್ಲಿ, ಇಷ್ಟು ಜನರ ನಡುವೆ, ಗಟ್ಟಿ ಚೆಂಡಿನ ಆಟವನ್ನು ಇವರು ಹೇಗೆ ನಡೆಸುತ್ತಾರೆ ಅನ್ನುವುದೇ ನನಗೆ ಬೇಕಾದ ಪ್ರಶ್ನೆ.

ಗಾಲ್ಫ್ ನೋಡದವರಿಗಾಗಿ ಆಟದ ಮಟ್ಟಿಗೆ ನಾಲ್ಕು ಮಾತು. ನೆಲದಲ್ಲಿ ಒಂದು ಗುಂಡಿ, ಅದರಲ್ಲಿ ನೆಟ್ಟ ಬಾವುಟ. ದೂರದಲ್ಲಿ ಹೊಡೆತ ಆರಂಭಿಸುವ ಜಾಗ, ಅದಕ್ಕೆ ಟೀ ಅನ್ನುತ್ತಾರೆ. ಅಲ್ಲಿಂದ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೊಡೆಯುತ್ತ ಗುಂಡಿಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತದಲ್ಲಿ ಬಿತ್ತೋ ಅಷ್ಟು ಒಳ್ಳೆಯದು. ಒಂದು ಗುಂಡಿ ಮುಗಿದರೆ ಮುಂದಿನದಕ್ಕೆ ನಡಿ. ನುರಿತವನಿಗೆ ಇಂತಿಷ್ಟು ಹೊಡೆತ ಸಾಕು ಅಂತ ಪ್ರತಿ ಗುಂಡಿಗೂ ಒಂದು ಲೆಕ್ಕ ಕಟ್ಟಿರುತ್ತಾರೆ, ಅದು ಪಾರ್. ದೊಡ್ಡ ಮೈದಾನದಲ್ಲಿ ಈ ಪಾರ್ ಮೂರು, ನಾಲ್ಕು ಅಥವಾ ಐದು ಇರುತ್ತದೆ, ಗುಂಡಿಗಳು 18, ಒಬ್ಬ ಆಟಗಾರ ಒಯ್ಯಬಹುದಾದ ಕೋಲುಗಳು 14, ಒಂದು ಸುತ್ತು ಮುಗಿಸಲು ನಾಲ್ಕು ತಾಸು. ಬ್ರಂಟ್ಸ್‌ಫೀಲ್ಡ್‌ನಲ್ಲಿ ಎಲ್ಲವೂ ಮೊಟಕು. ಪ್ರತಿ ಗುಂಡಿಗೂ ಪಾರ್ ಮೂರೇ. ಅತಿ ದೂರದ ಬಾವುಟವೂ ನೂರು ಗಜದೊಳಗೆ. ಎರಡು ಕೋಲಿದ್ದರೆ ಆಟ ಮುಗಿಯಿತು: ಚೆಂಡನ್ನು ಎತ್ತಿ ಹಾಕಲು ಒಂದು, ಗುಂಡಿಯ ಹತ್ತಿರ ಉರುಳಿಸಲು ಇನ್ನೊಂದು.

ಆ ಎರಡು ಕೋಲು ನನಗೆ ಸಿಕ್ಕಿದ್ದು ಮಗಳ ನೆರೆಮನೆಯ ಹಿರಿಯರಿಂದ. ಅವರು ಜೀವನವೆಲ್ಲ ಸಿಟಿ ಬಸ್ಸು ಓಡಿಸಿದವರು. ಬಸ್ ಡ್ರೈವರೊಬ್ಬ ಗಾಲ್ಫ್ ಆಡುತ್ತಾನೆ ಅನ್ನುವುದು ಅಲ್ಲಿ ಯಾರಿಗೂ ವಿಶೇಷ ಅಲ್ಲ. ಅವರ ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿದವರಂತೆ, ಅವರೂ ಆಡುತ್ತಿದ್ದರಂತೆ. ಒಂದು ಸಂಜೆ, ಮಳೆ ಬಿಟ್ಟ ಹೊತ್ತಿನಲ್ಲಿ, ಅವರು, ನಾನು, ನನ್ನ ಮೊಮ್ಮಗ ಮೂವರೂ ಹೊರಟೆವು. ಬೇಸಿಗೆಯ ಸಂಜೆ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ, ಅವಸರವೇನೂ ಇರಲಿಲ್ಲ.

ಮೊದಲ ಟೀ ಹತ್ತಿರ ನಿಂತರೆ ಒಂದು ಕಡೆ ಬಾರ್ಕ್ಲೇ ಚರ್ಚಿನ ಚೂಪು ಗೋಪುರ, ಇನ್ನೊಂದು ಕಡೆ ಆರ್ಥರ್ಸ್ ಸೀಟ್ ಗುಡ್ಡದ ಬೆನ್ನು, ನಡುವೆ ಎತ್ತ ನೋಡಿದರೂ ಬಾವುಟ. ನಮ್ಮ ಬಾವುಟ ಯಾವುದು ಅಂತ ಕೇಳಿದೆ. ಅವರು ಕೋಲು ಚಾಚಿ ತೋರಿಸಿದರು. ಅದಕ್ಕೂ ನನಗೂ ನಡುವೆ ಒಂದು ಡಾಂಬರು ಕಾಲುದಾರಿ, ಒಂದು ಬೆಂಚು, ಎರಡು ದಿಬ್ಬ. ಈ ನೆಲದಲ್ಲಿ ಹಿಂದೆ ಕಲ್ಲು ಕ್ವಾರಿಗಳಿದ್ದವು. ಊರು ಕಟ್ಟಲು ಕಲ್ಲು ತೆಗೆದ ಕುಳಿಗಳ ಮೇಲೆ ಈಗ ಹುಲ್ಲು ಬೆಳೆದಿದೆ ಅಷ್ಟೇ. ಕೆಳಗಿನ ಏರಿಳಿತ ಹಾಗೇ ಇದೆ. ನೇರ ಹೊಡೆದ ಚೆಂಡು ದಿಬ್ಬಕ್ಕೆ ತಾಗಿ ಅಡ್ಡ ಹೋಗುತ್ತದೆ. ಅಡ್ಡ ಹೊಡೆದದ್ದು ಕೆಲವೊಮ್ಮೆ ಗುಂಡಿಯ ಹತ್ತಿರ ಬಂದು ನಿಲ್ಲುತ್ತದೆ.

ಎತ್ತಿ ಹಾಕುವ ಕೋಲಿಗೆ ವೆಜ್ ಅನ್ನುತ್ತಾರೆ. ಅದರ ಮುಖ ನೆಟ್ಟಗೆ ನಿಂತಿರುವುದಿಲ್ಲ, ದ್ವಾಸಿ ಎತ್ತುವ ಉಚಟಗಿಯ ಹಾಗೆ ಹಿಂದಕ್ಕೆ ವಾಲಿರುತ್ತದೆ. ಐವತ್ತು ಡಿಗ್ರಿ ಆಸುಪಾಸಿನ ಓರೆ. ಕ್ರಿಕೆಟ್ ಆಡಿದ ಕೈಗೆ ಇದು ಒಗ್ಗುವುದು ತಡ. ಚೆಂಡು ಮೇಲೇಳಬೇಕು ಅಂದರೆ ನಮ್ಮ ಮಣಿಕಟ್ಟು ತಾನಾಗಿ ಮೇಲಕ್ಕೆ ಎಳೆಯುತ್ತದೆ. ಇಲ್ಲಿ ತಿರುಮುರುವು. ಕೋಲು ಕೆಳಮುಖವಾಗಿ ಬರಬೇಕು, ಮೊದಲು ಚೆಂಡು, ಆಮೇಲೆ ಹುಲ್ಲು. ಎತ್ತುವ ಕೆಲಸ ಓರೆಯದು, ನಿಮ್ಮದಲ್ಲ. ‘ನೀವು ಚೆಂಡನ್ನು ಎತ್ತಲು ಹೋಗಬೇಡಿ, ಅದಕ್ಕೆ ಸಂಬಳ ತಗೊಳ್ಳೋದು ಕೋಲು’ ಅಂತ ಡ್ರೈವರ್ ಸಾಹೇಬರು ಹೇಳಿದ್ದನ್ನು ಮೊಮ್ಮಗ ನನಗೆ ಕನ್ನಡಕ್ಕೆ ತಿರುಗಿಸಿ ಕೊಟ್ಟ.

ಅವರು ಮಾತ್ರ ಚೆಂಡನ್ನು ಮೇಲೆ ಹಾರಿಸಲೇ ಇಲ್ಲ. ಮೊಣಕಾಲೆತ್ತರಕ್ಕೆ ತಳ್ಳಿ, ನೆಲಕ್ಕೆ ತಾಗಿಸಿ, ದಿಬ್ಬದ ಮೈಯನ್ನೇ ಹಿಡಿದು ಉರುಳಿಸಿದರು. ಕಡಲ ಕಡೆಯಿಂದ ಗಾಳಿ ಬೀಸುವ ಊರು ಅದು. ಮೇಲೆ ಹೋದ ಚೆಂಡು ಗಾಳಿಯ ಪಾಲು, ಅದು ಯಾರ ತಲೆಯ ಮೇಲೆ ಇಳಿಯುತ್ತದೋ ಹೇಳಲಾಗದು. ಕೆಳಗೆ ಓಡುವ ಚೆಂಡು ಕಣ್ಣಿಗೆ ಕಾಣುತ್ತಿರುತ್ತದೆ. ಜನ ಓಡಾಡುವ ಇಕ್ಕಟ್ಟು ನೆಲದಲ್ಲಿ ಬೆಳೆದ ಹೊಡೆತ ಅದು. ವಿಸ್ತಾರವಾದ ಮೈದಾನದಲ್ಲಿ ಕಲಿತವನಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಗಾಲ್ಫ್ ಚೆಂಡು ಸಣ್ಣದು, ಆದರೆ ಸಾಧು ಅಲ್ಲ. ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು ಅಂತ ನಿಯಮ. ಅಷ್ಟು ಭಾರವನ್ನು ಅಷ್ಟು ಚಿಕ್ಕ ಗಾತ್ರಕ್ಕೆ ತುಂಬಿದರೆ ಕಿವಿಗೆ ಬಿದ್ದಾಗ ಏನಾಗುತ್ತದೆ ಅಂತ ಪಿ.ಟಿ. ಮಾಸ್ತರನಿಗೆ ಬೇರೆ ಹೇಳಬೇಕಿಲ್ಲ. ಅದಕ್ಕೇ ನಾನು ಆ ಸಂಜೆ ಚೆಂಡಿಗಿಂತ ಜನರನ್ನೇ ಹೆಚ್ಚು ನೋಡಿದೆ. ಕಾಲುದಾರಿಯಲ್ಲಿ ಕೂಸಿನ ಗಾಡಿ ತಳ್ಳಿಕೊಂಡು ಒಬ್ಬಳು ತಾಯಿ ಬಂದಳು. ಡ್ರೈವರ್ ಸಾಹೇಬರು ಕೋಲನ್ನು ನೆಲಕ್ಕೆ ಊರಿ ನಿಂತರು. ಆಕೆ ಓಡಲಿಲ್ಲ, ಇವರೂ ಅವಸರ ಮಾಡಲಿಲ್ಲ. ಆಕೆ ದಾಟಿ ಹೋಗಿ ಹತ್ತು ಹೆಜ್ಜೆಯಾದ ಮೇಲೆ ಹೊಡೆತ. ಇನ್ನೊಂದು ಕಡೆ ನಮ್ಮ ಸಾಲನ್ನು ಬೇರೆ ಗುಂಡಿಯ ಸಾಲು ಕತ್ತರಿಯ ಹಾಗೆ ಹಾಯುತ್ತಿತ್ತು. ಅಲ್ಲಿ ನಾಲ್ಕು ಜನ ಹುಡುಗಿಯರು ಆಡುತ್ತಿದ್ದರು. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು, ಒಂದು ಕೈ ಮೇಲೆದ್ದಿತು. ಅವರು ಆಡಿ ಮುಗಿಸಿದರು, ನಾವು ಆರಂಭಿಸಿದೆವು. ಸೀಟಿ ಇಲ್ಲ, ಅಂಪೈರ್ ಇಲ್ಲ. ಚೆಂಡು ದಾರಿತಪ್ಪಿದರೆ ಗಟ್ಟಿಯಾಗಿ ‘ಫೋರ್!’ ಅಂತ ಕೂಗಬೇಕು. ಆ ಕೂಗು ಕೇಳಿದವರು ತಲೆ ಮೇಲೆ ಕೈ ಇಟ್ಟುಕೊಂಡು ಬಗ್ಗುತ್ತಾರೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುತ್ತಾರೆ.

ಮೊಮ್ಮಗನ ಒಂದು ಚೆಂಡು ಉರುಳುತ್ತ ಹೋಗಿ ನೆಲಕ್ಕೆ ಚಾದರ ಹಾಸಿ ಕೂತ ವಿದ್ಯಾರ್ಥಿಗಳ ಬ್ರೆಡ್ ಪೊಟ್ಟಣಕ್ಕೆ ಆತುಕೊಂಡು ನಿಂತಿತು. ಅವನು ಎತ್ತಿಕೊಂಡು ಬರಲು ಹೊರಟ. ಡ್ರೈವರ್ ಸಾಹೇಬರು ತಡೆದರು: ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಆಡಬೇಕು. ವಿದ್ಯಾರ್ಥಿಗಳು ಒಂದು ಮಾತೂ ಆಡದೆ ಪೊಟ್ಟಣ ಎತ್ತಿದರು, ಚಾದರದ ಅಂಚು ಮಡಚಿದರು, ಇವನು ಹೊಡೆದ, ಅವರು ಚಪ್ಪಾಳೆ ತಟ್ಟಿದರು, ಚಾದರ ಮತ್ತೆ ಹಾಸಿದರು.

ಇದು ಅವರ ಒಳ್ಳೆಯತನ ಅಂತ ಅಂದುಕೊಂಡು ಬಿಡಬಹುದಿತ್ತು. ಆದರೆ ಇದರ ಹಿಂದೆ ಬರಹದಲ್ಲಿರುವ ಕಾನೂನು ಇದೆ. ಗಾಲ್ಫಿನ ನಿಯಮಗಳನ್ನು ಮೊದಲ ಸಲ ಕಾಗದದ ಮೇಲೆ ಬರೆದದ್ದು ಇದೇ ಊರಿನ ಲೀತ್ ಬಯಲಿನಲ್ಲಿ, 1744ರಲ್ಲಿ. ಒಟ್ಟು ಹದಿಮೂರು ನಿಯಮ. ಅದರಲ್ಲೊಂದು ಹೇಳುವುದಿಷ್ಟು: ಚೆಂಡನ್ನು ಮನುಷ್ಯನಾಗಲಿ, ಕುದುರೆಯಾಗಲಿ, ನಾಯಿಯಾಗಲಿ ತಡೆದು ನಿಲ್ಲಿಸಿದರೆ, ಅದು ನಿಂತ ಜಾಗದಿಂದಲೇ ಆಡಬೇಕು. ಮನುಷ್ಯ, ಕುದುರೆ, ನಾಯಿ ನಿಯಮದೊಳಗೆ ಯಾಕೆ ಬಂದರು? ಆಟದ ಬಯಲಿನಲ್ಲಿ ಅವರೆಲ್ಲ ಇದ್ದರು, ಅದಕ್ಕೆ. ಅದು ಯಾರೊಬ್ಬನ ಮೈದಾನವೂ ಆಗಿರಲಿಲ್ಲ. ಬಟ್ಟೆ ಒಣಗಿಸುವವರು, ಕುರಿ ಮೇಯಿಸುವವರು, ಕವಾಯತು ಮಾಡುವ ಸೈನಿಕರು, ಎಲ್ಲರ ಪಾಲಿನ ಗೋಮಾಳದಲ್ಲಿ ಗಾಲ್ಫ್ ಕೂಡ ಒಂದು ಪಾಲು ಕೇಳಿಕೊಂಡಿತ್ತು.

ಆ ಹದಿಮೂರರ ಮೊದಲನೇ ನಿಯಮ ಇನ್ನೂ ಮಜವಾಗಿದೆ. ಮುಂದಿನ ಗುಂಡಿಗೆ ಹೊಡೆಯುವ ಚೆಂಡನ್ನು ಹಿಂದಿನ ಗುಂಡಿಯಿಂದ ಒಂದು ಕೋಲಿನಳತೆಯ ಒಳಗೇ ಇಡಬೇಕು. ಇವತ್ತಿನ ಮೈದಾನಗಳಲ್ಲಿ ಒಂದು ಗುಂಡಿಯಿಂದ ಮುಂದಿನ ಟೀಗೆ ಹೋಗಲು ಬ್ಯಾಟರಿ ಗಾಡಿ ಬೇಕು. ಆಗ ಒಂದು ಮಾರು ದಾಟುವಂತಿರಲಿಲ್ಲ. ಗುಂಡಿಗಳ ಎಣಿಕೆಯೂ ನೆಲ ನೋಡಿಯೇ. ಲೀತ್ ಬಯಲಿನಲ್ಲಿ ಐದು ಗುಂಡಿ. ಪ್ರೆಸ್ಟ್‌ವಿಕ್‌ನಲ್ಲಿ ಹನ್ನೆರಡು, 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ. ಸೇಂಟ್ ಆಂಡ್ರೂಸ್‌ನಲ್ಲಿ ಮೊದಲು ಒಂದು ಸುತ್ತಿಗೆ ಇಪ್ಪತ್ತೆರಡು ಇತ್ತು, 1764ರಲ್ಲಿ ಕೆಲವು ಗುಂಡಿಗಳನ್ನು ಕೂಡಿಸಿ ಹದಿನೆಂಟು ಮಾಡಿದರು. ಜಗತ್ತು ಮುಂದೆ ಅದನ್ನೇ ಹಿಡಿಯಿತು. ಹದಿನೆಂಟು ಅನ್ನುವುದು ದೇವರು ಕೊಟ್ಟ ಸಂಖ್ಯೆಯಲ್ಲ, ಒಂದೂರಿನ ನೆಲ ಕೊಟ್ಟದ್ದು.

ಬಡವರಿಗೆ ಈ ಆಟ ಎಟುಕಿದ್ದು ಚೆಂಡು ಅಗ್ಗವಾದ ಮೇಲೆ. ಹಿಂದಿನ ಚೆಂಡು ಚರ್ಮದ ಚೀಲದೊಳಗೆ ಟೊಪ್ಪಿಗೆ ತುಂಬ ಹಕ್ಕಿ ಪುಕ್ಕ ಗಿಡಿದು ಹೊಲಿದದ್ದು. ಒಬ್ಬ ಕುಶಲಕರ್ಮಿ ದಿನಕ್ಕೆ ಕೆಲವನ್ನು ಮಾತ್ರ ಹೊಲಿಯಬಲ್ಲ, ಒದ್ದೆಯಾದರೆ ಹಾಳು. 1848ರ ಹೊತ್ತಿಗೆ ಮಲಯಾ ಕಡೆಯ ಮರದ ಅಂಟಾದ ಗಟ್ಟಾಪರ್ಚಾ ಬಂತು. ಅದನ್ನು ಬಿಸಿನೀರಿನಲ್ಲಿ ಮೆದು ಮಾಡಿ ಅಂಗೈಯಲ್ಲಿ ಉಂಡೆ ಕಟ್ಟಿದರೆ ಚೆಂಡು ತಯಾರು. ಒಡೆದರೆ ಮತ್ತೆ ಕಾಯಿಸಿ ಕಟ್ಟಿಕೊಂಡರಾಯಿತು. ನುಣ್ಣಗಿನ ಹೊಸ ಚೆಂಡಿಗಿಂತ ಗೀರು ಬಿದ್ದ ಹಳೆಯ ಚೆಂಡು ದೂರ ಹಾರುತ್ತದೆ ಅಂತ ಆಡುವವರೇ ಕಂಡುಕೊಂಡರು. ಗೀರಿದ ಮೈ ಗಾಳಿಯನ್ನು ಚೆಂಡಿನ ಬೆನ್ನಿನ ತನಕ ಅಂಟಿಸಿಕೊಂಡು ಹೋಗುತ್ತದೆ, ಹಿಂದೆ ಸುಳಿ ಕಡಿಮೆಯಾಗಿ ಎಳೆತ ತಗ್ಗುತ್ತದೆ. ಇವತ್ತಿನ ಚೆಂಡಿನ ಮೈತುಂಬ ಇರುವ ಮುನ್ನೂರು ನಾನೂರು ಕುಳಿಗಳು ಆ ಗೀರುಗಳ ಮೊಮ್ಮಕ್ಕಳು.

ಅಗ್ಗವಾದ ಆಟಕ್ಕೆ ಜನ ಮುಗಿಬಿದ್ದರು. ಬ್ರಂಟ್ಸ್‌ಫೀಲ್ಡ್ ಬಯಲು ತುಂಬಿ ತುಳುಕಿತು. ಅಲ್ಲಿ ತಲೆಮಾರುಗಳಿಂದ ಆಡುತ್ತಿದ್ದ ಹಳೆಯ ಕ್ಲಬ್ಬಿನವರು 1870ರ ದಶಕದಲ್ಲಿ ಪಕ್ಕದ ಮಸಲ್‌ಬರೋಗೆ ಗುಳೆ ಹೋದರು. ಉಳಿದ ಜನಕ್ಕಾಗಿ ನಗರಸಭೆ ಊರ ಹೊರಗಿನ ಬ್ರೇಡ್ ಹಿಲ್ಸ್ ಗುಡ್ಡವನ್ನು ಕೊಂಡು 1889ರಲ್ಲಿ ಸಾರ್ವಜನಿಕ ಗಾಲ್ಫ್ ಮೈದಾನ ತೆರೆಯಿತು. ಉದ್ದ ಹೊಡೆತ ಗುಡ್ಡಕ್ಕೆ ಹೋಯಿತು, ಗಿಡ್ಡ ಹೊಡೆತ ಪಾರ್ಕಿನಲ್ಲಿ ಉಳಿಯಿತು. ಆಟವನ್ನು ನಿಲ್ಲಿಸದೆ, ಜನರನ್ನು ಓಡಿಸದೆ, ಎರಡನ್ನೂ ನೆಲಕ್ಕೆ ತಕ್ಕಂತೆ ಕತ್ತರಿಸಿ ಹೊಂದಿಸಿದರು. ಸುಣ್ಣದ ಡಬ್ಬಿ ಹಿಡಿದು ಬದುಕಿದ ನನಗೆ ಆ ನಗರಸಭೆಯ ಮೇಲೆ ಗೌರವ ಹುಟ್ಟಿತು.

ಮಸಲ್‌ಬರೋಗೂ ಹೋಗಿ ಬಂದೆವು. ಅದು ಇನ್ನೂ ವಿಚಿತ್ರ. ಒಂಬತ್ತು ಗುಂಡಿಯ ಗಾಲ್ಫ್ ಮೈದಾನ, ಅದರ ಸುತ್ತ ಕುದುರೆ ರೇಸಿನ ಟ್ರ್ಯಾಕು. ರೇಸಿನ ಬಿಳಿ ಕಟಾಂಜನದ ಮೇಲಿಂದ ಚೆಂಡು ಹಾರಿಸಬೇಕಾಗುತ್ತದೆ. ರೇಸ್ ಇದ್ದ ದಿನ ಆಟಕ್ಕೆ ರಜೆ. ಇದೇ ನೆಲದಲ್ಲಿ 1874ರಿಂದ 1889ರ ತನಕ ಆರು ಸಲ ಓಪನ್ ಚಾಂಪಿಯನ್‌ಶಿಪ್ ನಡೆದಿದೆ. ಅದಕ್ಕೂ ಮೊದಲು, 1811ರ ಜನವರಿಯಲ್ಲಿ, ಈ ಊರಿನ ಮೀನು ಮಾರುವ ಹೆಂಗಸರಿಗಾಗಿ ಇಲ್ಲಿನ ಗಾಲ್ಫ್ ಕ್ಲಬ್ಬು ಒಂದು ಪಂದ್ಯ ಇಟ್ಟಿತ್ತು. ಗೆದ್ದವಳಿಗೆ ಬಹುಮಾನ ಒಂದು ಮೀನಿನ ಬುಟ್ಟಿ, ಒಂದು ಶಾಲು. ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆಯುವ ಹೆಣ್ಣುಮಕ್ಕಳ ತೋಳಿನ ಹೊಡೆತ ಹೇಗಿದ್ದಿರಬೇಕು!

ಗುಂಡಿಯ ಅಳತೆಯೂ ಮಸಲ್‌ಬರೋದಿಂದಲೇ ಬಂದದ್ದು. ಗುಂಡಿ ಕೊರೆಯಲು 1829ರಲ್ಲಿ ಅಲ್ಲಿ ಒಂದು ಕಬ್ಬಿಣದ ಸಾಧನ ಮಾಡಿಸಿದರು. ಅದರ ಬಾಯಿ ನಾಲ್ಕೂಕಾಲು ಇಂಚು. 1890ರ ದಶಕದಲ್ಲಿ ಅದೇ ಅಳತೆ ಎಲ್ಲೆಡೆಯ ನಿಯಮವಾಯಿತು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಗಾಲ್ಫ್ ಆಡಿದರೂ ಗುಂಡಿಯ ಅಡ್ಡಳತೆ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಈ ಸಂಖ್ಯೆಯನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಅದೇ 1829ರಲ್ಲಿ ಕಲ್ಕತ್ತೆಯಲ್ಲಿ ಗಾಲ್ಫ್ ಕ್ಲಬ್ ಶುರುವಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹುಟ್ಟು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಸಾಹೇಬರೂ ತಮಗೊಂದು ಮೈದಾನ ಮಾಡಿಕೊಂಡರು. ಸ್ಕಾಟ್ಲೆಂಡಿನಲ್ಲಿ ನಾಯಿ, ಕುದುರೆ, ಮೀನಿನ ಹೆಂಗಸರೊಂದಿಗೆ ಬೆಳೆದ ಆಟ ಹಡಗು ಇಳಿಯುವ ಹೊತ್ತಿಗೆ ಸಾಹೇಬರ ಆಟವಾಗಿತ್ತು. ಗೋಮಾಳ ಅಲ್ಲೇ ಉಳಿಯಿತು, ಬೇಲಿ ಮಾತ್ರ ಬಂತು. ಸಾಹೇಬರು ಹೋದ ಮೇಲೂ ಬೇಲಿ ಹೋಗಲಿಲ್ಲ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕುತುಬ್ ಹತ್ತಿರ ಸಾರ್ವಜನಿಕರಿಗಾಗಿ ಗಾಲ್ಫ್ ಮೈದಾನ ತೆರೆದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ.

ಬೇಲಿಯ ಸಂದಿಯಿಂದ ಒಳಗೆ ಹೋದವರ ಕಥೆ ಮಾತ್ರ ಕೇಳುವಂಥದ್ದು. ಸಿ. ಮುನಿಯಪ್ಪ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಮೈದಾನದಲ್ಲಿ ಬೇರೆಯವರ ಕೋಲಿನ ಚೀಲ ಹೊತ್ತವರು. 2009ರಲ್ಲಿ ಅವರು ಇಂಡಿಯನ್ ಓಪನ್ ಗೆದ್ದರು. ಎಸ್. ಚಿಕ್ಕರಂಗಪ್ಪ ಬಿಡದಿಯ ಹತ್ತಿರದ ಹಳ್ಳಿ ಹುಡುಗ. ಪಕ್ಕದ ಗಾಲ್ಫ್ ರೆಸಾರ್ಟಿನಲ್ಲಿ ಚೀಲ ಹೊರುತ್ತ ಆಟ ಕಲಿತು ವೃತ್ತಿಪರ ಆಟಗಾರರಾದರು. ಅದಿತಿ ಅಶೋಕ್ ಐದೂವರೆ ವರ್ಷದ ಕೂಸಾಗಿದ್ದಾಗ ಕೆಜಿಎ ಅಭ್ಯಾಸದ ಅಂಗಳದಲ್ಲಿ ಮೊದಲ ಸಲ ಕೋಲು ಹಿಡಿದಳು. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವಳು ನಾಲ್ಕನೆಯವಳಾದಾಗ ಕಂಚಿಗೂ ಅವಳಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ನಾಲ್ಕು ದಿನದ ಆಟ, ಒಂದು ಹೊಡೆತ. ಆ ದಿನ ಬೆಳ್ಳಂಬೆಳಗ್ಗೆ ಧಾರವಾಡದಲ್ಲಿ ಪಾರ್, ಬರ್ಡಿ ಅಂದರೇನು ಅಂತ ನನಗೆ ಫೋನ್ ಮಾಡಿ ಕೇಳಿದವರು ಬಹಳ.

ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಗೆ ಗಾಲ್ಫ್ ಮೈದಾನ ಅಂದರೆ ಥಟ್ಟನೆ ನೆನಪಾಗುವುದು ಬೆಳಗಾವಿ, ಅದೂ ಆಟಕ್ಕಲ್ಲ. 2022ರ ಆಗಸ್ಟ್‌ನಲ್ಲಿ ಅಲ್ಲಿನ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನ ಹೊಕ್ಕು ಕೂತಿತು. ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ರಜೆ, ಪೊದೆಗಳಲ್ಲಿ ಬೋನು, ಮರಗಳಲ್ಲಿ ಕ್ಯಾಮೆರಾ, ಕೊನೆಗೆ ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳೂ ಬಂದವು. ವಾರಗಟ್ಟಲೆ ಹುಡುಕಿದರೂ ಚಿರತೆ ಕೈಗೆ ಸಿಗಲಿಲ್ಲ. ಊರ ನಡುವಿನ ಗಾಲ್ಫ್ ಮೈದಾನದಲ್ಲಿ ಚಿರತೆಯೊಂದು ಅಷ್ಟು ದಿನ ಆರಾಮಾಗಿ ಅಡಗಿರಬಹುದು ಅಂದರೆ ಅಲ್ಲಿಗೆ ಊರ ಮಂದಿ ಎಷ್ಟು ಕಾಲಿಡುತ್ತಾರೆ ಅಂತ ನೀವೇ ಲೆಕ್ಕ ಹಾಕಿ. ಬ್ರಂಟ್ಸ್‌ಫೀಲ್ಡ್‌ನಲ್ಲಿ ಅಳಿಲಿಗೂ ಅಡಗಲು ಜಾಗವಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನವನ್ನು ಬೇರೆ ಕಣ್ಣಿನಿಂದ ನೋಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ ನಿಂತರೆ ಒಂದು ಪಂದ್ಯದ ಲಾಂಗ್ ಆನ್ ಇನ್ನೊಂದು ಪಂದ್ಯದ ಸ್ಲಿಪ್ಪು. ತಮ್ಮ ಚೆಂಡು ಯಾವುದು, ಮಂದಿಯ ಚೆಂಡು ಯಾವುದು ಅಂತ ಹುಡುಗರಿಗೆ ನೋಡದೆಯೇ ಗೊತ್ತು. ಅಂಚಿನಲ್ಲಿ ವಾಕಿಂಗ್ ಮಾಡುವ ಹಿರಿಯರಿಗೆ ಯಾವಾಗ ತಲೆ ಬಗ್ಗಿಸಬೇಕು ಅಂತ ಗೊತ್ತು. ಇಕ್ಕಟ್ಟಿನಲ್ಲಿ ಆಡುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ. ಚಿಣಿಪಣಿಯಲ್ಲಿ ಕೋಲಿನಿಂದ ಚಿಣಿ ಹಾರಿಸಿದ್ದೇವೆ. ಗೋಲಿಗುಂಡದಲ್ಲಿ ಒಂದು ಗುದ್ದಿನಿಂದ ಮುಂದಿನ ಗುದ್ದಿಗೆ ಉರುಳಿಸಿದ್ದೇವೆ. ಇವೆರಡನ್ನು ಕೂಡಿಸಿದರೆ ಗಿಡ್ಡ ಗಾಲ್ಫಿಗೂ ನಮಗೂ ದೂರವೇನಿಲ್ಲ.

ತೊಡಕು ಇರುವುದು ನೆಲದಲ್ಲಿ. ಸ್ಕಾಟ್ಲೆಂಡಿನ ಲಿಂಕ್ಸ್ ಅಂದರೆ ಕಡಲಂಚಿನ ಮರಳು ನೆಲ. ಮಳೆ ಬಿದ್ದ ಒಂದು ತಾಸಿಗೆ ನೀರು ಇಂಗಿ ಹೋಗುತ್ತದೆ, ಹುಲ್ಲು ತಾನಾಗಿ ಗಿಡ್ಡ ಬೆಳೆಯುತ್ತದೆ. ಹುಬ್ಬಳ್ಳಿಯ ಎರೆಮಣ್ಣು ಮಳೆಗಾಲದಲ್ಲಿ ಚಪ್ಪಲಿಯನ್ನೇ ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಧಾರವಾಡದ ಕಡೆಯ ಕೆಂಪು ಮಣ್ಣು ವಾಸಿ, ಆದರೆ ಹುಲ್ಲು ಉಳಿಸಲು ನೀರು ಬೇಕು. ಕುಡಿಯುವ ನೀರಿಗೆ ದಿನ ಎಣಿಸುವ ಅವಳಿ ನಗರದಲ್ಲಿ ಗಾಲ್ಫ್ ಹುಲ್ಲಿಗೆ ನೀರು ಕೇಳುವ ಧೈರ್ಯ ನನಗಂತೂ ಇಲ್ಲ. ಆದರೆ ಒಣ ಸೀಮೆಗಳಲ್ಲಿ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಗುಂಡಿಯ ಸುತ್ತ ಹುಲ್ಲಿನ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳು ಹರಡಿ ತಟ್ಟಿಬಿಡುತ್ತಾರೆ. ಅದಕ್ಕೆ ಬ್ರೌನ್ ಅಂತಲೇ ಹೆಸರು. ಆಡಿದವನು ಹೆಜ್ಜೆ ಗುರುತನ್ನು ಹಲಗೆಯಿಂದ ಸಮ ಮಾಡಿ ಹೋಗಬೇಕು. ಆಸ್ಟ್ರೇಲಿಯಾದ ಒಳನಾಡು, ಅಮೆರಿಕದ ಬಯಲುಸೀಮೆಗಳಲ್ಲಿ ಹೀಗೆಯೇ ಆಡಿಕೊಂಡು ಬಂದಿದ್ದಾರೆ.

ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಓಣಿಯ ಹುಡುಗರನ್ನು ಕೂಡಿಸಿಕೊಂಡು ಮನೆಯ ಹತ್ತಿರದ ಬಯಲಿನಲ್ಲಿ ಆರು ಗುಂಡಿ ಹಾಕಿದೆ. ಡೈರಿಯ 108 ಮಿಲಿಮೀಟರ್ ಆಗ ಕೆಲಸಕ್ಕೆ ಬಂತು. ನಮ್ಮ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುವ ಪಿವಿಸಿ ಪೈಪಿನಲ್ಲಿ 110 ಎಂಎಂ ಅನ್ನುವ ಅಳತೆ ಇದೆ, ಮನೆಮನೆಯ ಬಚ್ಚಲ ನೀರು ಹರಿಯುವ ಪೈಪು ಅದೇ. ಗೇಣುದ್ದ ಕತ್ತರಿಸಿ ನೆಲದಲ್ಲಿ ಹೂತರೆ ಮಸಲ್‌ಬರೋ ಗುಂಡಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಾವುಟಕ್ಕೆ ಬಿದಿರು ಕೋಲು, ಹಳೆಯ ಕ್ರೀಡಾಕೂಟದ ಬಣ್ಣದ ಬಟ್ಟೆ. ಗುಂಡಿಯ ಸುತ್ತ ಮರಳು, ಎಣ್ಣೆ ಇಲ್ಲದೆ. ಗಾಲ್ಫ್ ಚೆಂಡು ಬೇಡವೆಂದೆ. ಓಣಿಯಲ್ಲಿ ಕಾರಿನ ಗಾಜುಗಳಿವೆ. ಟೆನಿಸ್ ಚೆಂಡು ಪೈಪಿನೊಳಗೆ ಸಲೀಸಾಗಿ ಇಳಿಯುತ್ತದೆ, ಯಾರಿಗೆ ತಾಗಿದರೂ ಮಾತಿನಲ್ಲೇ ಮುಗಿಯುತ್ತದೆ. ಕೋಲು ಮುರಿದ ಹಾಕಿ ಸ್ಟಿಕ್ಕುಗಳು, ಅವನ್ನು ಮೊಟಕು ಮಾಡಿ ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದೆವು. ಹಾಕಿ ಸ್ಟಿಕ್ಕಿಗೆ ಓರೆ ಮುಖ ಇಲ್ಲ, ಹಾಗಾಗಿ ಚೆಂಡು ಮೇಲೇಳುವುದಿಲ್ಲ, ನೆಲ ಹಿಡಿದೇ ಓಡುತ್ತದೆ. ಡ್ರೈವರ್ ಸಾಹೇಬರು ಕಂಡಿದ್ದರೆ ಮೆಚ್ಚುತ್ತಿದ್ದರು.

ಹುಡುಗರು ಮೊದಲ ದಿನವೇ ಜಗಳಕ್ಕೆ ನಿಂತರು. ಇಷ್ಟು ವರ್ಷ ಸೀಟಿ ಊದಿ ಜಗಳ ಬಿಡಿಸಿದ ರೂಢಿ ನನ್ನದು. ಕೈ ಜೇಬಿಗೆ ಹೋಯಿತು, ಆದರೆ ಸೀಟಿ ತೆಗೆಯಲಿಲ್ಲ. ಈ ಆಟದಲ್ಲಿ ಅಂಪೈರ್ ಇಲ್ಲ, ನಿಮ್ಮ ಹೊಡೆತ ನೀವೇ ಎಣಿಸಬೇಕು, ಜಗಳವಾದರೆ ನೀವೇ ನಿಯಮ ಬರೆಯಬೇಕು ಅಂತ ಹೇಳಿ ಒಂದು ರಟ್ಟು, ಒಂದು ಸ್ಕೆಚ್ ಪೆನ್ ಕೊಟ್ಟೆ. ಬಯಲಿಗೆ ಎಮ್ಮೆ ಮೇಯಲು ಬರುತ್ತವೆ. ಚೆಂಡು ಎಮ್ಮೆಯ ಕಾಲಿಗೆ ತಾಗಿ ನಿಂತರೆ ಅಲ್ಲಿಂದಲೇ ಆಡಬೇಕು ಅಂತ ಬರೆದರು. 1744ರ ನಿಯಮದ ಬಗ್ಗೆ ನಾನು ಅವರಿಗೆ ಹೇಳಿರಲಿಲ್ಲ. ಮರುದಿನ ಎಮ್ಮೆಯೊಂದು ಚೆಂಡಿನ ಮೇಲೆಯೇ ಮಲಗಿತು. ಲೀತ್‌ನ ದೊಡ್ಡವರಿಗೆ ಹೊಳೆಯದಿದ್ದ ಪ್ರಸಂಗ ಅದು. ಹುಡುಗರು ಅರ್ಧ ತಾಸು ಚರ್ಚಿಸಿ ರಟ್ಟಿನ ಮೇಲೆ ಇನ್ನೊಂದು ಸಾಲು ಸೇರಿಸಿದರು: ಎಮ್ಮಿ ಮಲಗಿದ್ರ ಎಬ್ಬಸಬಾರದು, ಬ್ಯಾರೆ ಚೆಂಡು ತಗೋಬೇಕು, ಹೊಡೆತ ಲೆಕ್ಕಕ್ಕಿಲ್ಲ.